1972ರ ಟ್ರೇಲರಿಗೆ ಸ್ಪ್ಲಿಟ್ ಎಸಿ ಕೂರಿಸಿದ್ದು

ಟೆಕ್ಸಾಸ್‌ನ ಬೇಸಿಗೆಯಲ್ಲಿ ಅಲ್ಯೂಮಿನಿಯಂ ಮೈಯ ಟ್ರೇಲರ್ ಇಟ್ಟುಕೊಂಡವರಿಗೆ ಎಸಿ ಎಂಬುದು ಶೋಕಿಯಲ್ಲ. ನನ್ನದು 1972ರ ಏರ್‌ಸ್ಟ್ರೀಮ್ ಓವರ್‌ಲ್ಯಾಂಡರ್, ಪಿಕಪ್ಪಿನ ಹಿಂದೆ ಎಳೆದೊಯ್ಯುವ 27 ಅಡಿ ಉದ್ದದ ಚಲಿಸುವ ಮನೆ. ಅದರ ನೆತ್ತಿಯ ಮೇಲಿದ್ದ ಹಳೆಯ ಎಸಿ ತಂಪೇನೋ ಮಾಡುತ್ತಿತ್ತು, ಆದರೆ ಅದು ಓಡುವಾಗ ಒಳಗಿದ್ದವರು ಕೂಗಿ ಮಾತನಾಡಬೇಕಿತ್ತು. ಸಾಲದ್ದಕ್ಕೆ ನಲವತ್ತು ಕೆ.ಜಿ.ಗೂ ಮಿಕ್ಕಿದ ಅದರ ಭಾರಕ್ಕೆ ಛಾವಣಿ ತಗ್ಗಿ, ಮಳೆ ಬಂದಾಗಲೆಲ್ಲ ಸುತ್ತ ನೀರು ನಿಲ್ಲುತ್ತಿತ್ತು. ನಿಂತ ನೀರು ಒಂದಲ್ಲ ಒಂದು ದಿನ ರಿವೆಟ್ಟಿನ ಸಂದಿ ಹುಡುಕಿಕೊಂಡು ಒಳಗಿಳಿಯುತ್ತದೆ. ಹಳೆಯ ಟ್ರೇಲರ್‌ಗಳ ನೆಲಹಲಗೆ ಕೊಳೆಯುವುದು ಬಹುಮಟ್ಟಿಗೆ ಹೀಗೆಯೇ.

ಬೆಂಗಳೂರಿನ ಬಾಲ್ಕನಿಗಳಲ್ಲಿ ಸ್ಪ್ಲಿಟ್ ಎಸಿ ನೋಡಿ ಬೆಳೆದವನಿಗೆ ಪರಿಹಾರ ಕಣ್ಣೆದುರೇ ಇತ್ತು. ಇಲ್ಲಿ ಮನೆಯಿಡೀ ಡಕ್ಟ್ ಹಾಯಿಸಿ ತಂಪು ಮಾಡುವುದೇ ರೂಢಿಯಾದ್ದರಿಂದ, ಗೋಡೆಯ ಎಸಿಯನ್ನು ಟ್ರೇಲರಿಗೆ ಕಟ್ಟುತ್ತೇನೆ ಎಂದಾಗ ನೆರೆಯವರು ಹುಬ್ಬೇರಿಸಿದರು. ಅವರ ಅನುಮಾನದಲ್ಲಿ ಅರ್ಥವಿತ್ತು. ಇಂಥ ಎಸಿ ತಯಾರಾಗುವುದು ಕದಲದ ಗೋಡೆಗಾಗಿ. ಚಲಿಸುವ ವಾಹನಕ್ಕೆ ಕೂರಿಸಿದರೆ ಸಾಮಾನ್ಯವಾಗಿ ವಾರಂಟಿಯೂ ಸಿಗುವುದಿಲ್ಲ. ತಂಪು ಹುಟ್ಟಿಸುವ ಕೆಲಸ ಯಂತ್ರದ್ದು. ಭಾರ ಎಲ್ಲಿ ಬೀಳಬೇಕು, ಕುಲುಕಾಟಕ್ಕೆ ಕೊಳವೆ ಹೇಗೆ ತಡೆಯಬೇಕು ಎಂಬುದು ಕೂರಿಸುವವನ ತಲೆನೋವು.

ಹೊರಗಿನ ಯೂನಿಟ್ಟಿಗೆ ಜಾಗ ಎರಡೇ: ಹಿಂದಿನ ಬಂಪರ್, ಇಲ್ಲವೇ ಮುಂದಿನ ಕೊಕ್ಕೆಯ ಚೌಕಟ್ಟು. ಹಿಂದೆ ಕಟ್ಟುವುದು ಸುಲಭ, ಆದರೆ ನಾನು ಅತ್ತ ಸುಳಿಯಲಿಲ್ಲ. ಅಚ್ಚಿನ ಹಿಂದೆ ಭಾರ ಹೆಚ್ಚಿದಷ್ಟೂ ಕೊಕ್ಕೆಯ ಮೇಲಿನ ಒತ್ತು ಇಳಿಯುತ್ತದೆ; ಒಟ್ಟು ತೂಕದ ಶೇ. 10ರಿಂದ 15ರಷ್ಟು ಕೊಕ್ಕೆಯ ಮೇಲಿರದಿದ್ದರೆ ಹೆದ್ದಾರಿಯಲ್ಲಿ ಟ್ರೇಲರ್ ಬಾಲ ಬೀಸತೊಡಗುತ್ತದೆ. ಅಲ್ಲದೆ ಬಂಪರ್ ಇರುವುದು ಚಾಸಿಯ ತುತ್ತತುದಿಯಲ್ಲಿ. ರಸ್ತೆಯ ಗುಂಡಿಯ ಪೆಟ್ಟು ಅಲ್ಲಿಗೆ ಇಮ್ಮಡಿಯಾಗಿ ತಲುಪುತ್ತದೆ, ಐವತ್ತು ವರ್ಷ ತುಕ್ಕು ತಿಂದ ಉಕ್ಕಿಗೆ ಆ ಶಿಕ್ಷೆ ಬೇಡ.

ಮುಂದೆ 30 ಪೌಂಡ್ ಗ್ಯಾಸ್ ಹಿಡಿಯುವ ಸಿಲಿಂಡರ್‌ಗಳು ಎರಡಿದ್ದವು. ತುಂಬಿದ ಸಿಲಿಂಡರ್ ಒಂದರ ತೂಕ ಸುಮಾರು 25 ಕೆ.ಜಿ. ಎಸಿಯ ಹೊರಯೂನಿಟ್ಟೂ ಹೆಚ್ಚುಕಡಿಮೆ ಅಷ್ಟೇ. ಒಂದು ಸಿಲಿಂಡರ್ ಇಳಿಸಿದೆ, ಲೆಕ್ಕ ಸರಿಹೋಯಿತು. ಅಡುಗೆಗೆ, ನೀರು ಕಾಯಿಸಲು ಉಳಿದ ಒಂದೇ ಧಾರಾಳ. ಚೌಕಟ್ಟಿಗೆ ಅಡ್ಡಲಾಗಿ ಉಕ್ಕಿನ ಆಂಗಲ್ ಬೆಸೆಸಿ, ಯೂನಿಟ್ಟಿನ ನಾಲ್ಕು ಕಾಲಿನಡಿ ದಪ್ಪ ರಬ್ಬರ್ ಇಟ್ಟು, ಲಾಕ್ ನಟ್ಟಿನಿಂದ ಬಿಗಿದೆ. ಫ್ಯಾನ್ ಇರುವ ಮುಖ ಎಳೆಯುವ ಪಿಕಪ್ ಕಡೆಗಿದೆ. ಪಿಕಪ್ಪಿನ ಚಕ್ರ ಚಿಮ್ಮಿಸುವ ಕಲ್ಲು ಜಾಲರಿಗೆ ಬಡಿಯಲಿ, ಉಗುರು ತಾಗಿದರೂ ಮಡಚಿಕೊಳ್ಳುವ ಹಿಂದಿನ ತೆಳು ತಗಡಿನ ಫಿನ್ನುಗಳಿಗೆ ಬೇಡ. ಅಳತೆ ಹಿಡಿಯುವಾಗ ಪಿಕಪ್ಪಿನ ಹಿಂಬಾಗಿಲನ್ನು ಕೆಳಗಿಳಿಸಿ, ತಿರುವಿನಲ್ಲಿರುವಂತೆ ಓರೆಯಾಗಿ ನಿಲ್ಲಿಸಿಯೂ ನೋಡಬೇಕು. ಪ್ರಯಾಣದಲ್ಲಿ ಗಾಳಿಗೆ ಫ್ಯಾನ್ ಬಿಟ್ಟಿಯಾಗಿ ತಿರುಗದಂತೆ ದಪ್ಪ ಹೊದಿಕೆ ಹಾಕುತ್ತೇನೆ. ತಂಗುದಾಣ ತಲುಪಿದಾಗ ಅದನ್ನು ತೆಗೆದ ಮೇಲೆಯೇ ಸ್ವಿಚ್.

ಒಳಗಿನ ಯೂನಿಟ್ಟಿಗೆ ಬೇಕಾದದ್ದು ಸಪಾಟು ಗೋಡೆ. ಏರ್‌ಸ್ಟ್ರೀಮಿನ ಹೊರಗೋಡೆ ಎಲ್ಲಿ ಮುಟ್ಟಿದರೂ ಬಾಗಿರುತ್ತದೆ. ನೇರವಾಗಿರುವುದು ಹಿಂಬದಿಯ ಬಚ್ಚಲಿನ ಅಡ್ಡಗೋಡೆಯೊಂದೇ. ಅಲ್ಲಿಂದ ಬೀಸಿದ ಗಾಳಿ ಉದ್ದಕ್ಕೂ ಹಾದು ಮುಂದಿನ ಸೋಫಾದವರೆಗೆ ಬರುತ್ತದೆ, ನೀರು ಹೋಗುವ ಕೊಳವೆಯೂ ಅಲ್ಲೇ ನೆಟ್ಟಗೆ ಕೆಳಗಿಳಿಯುತ್ತದೆ. ಹೊರಾಂಗಣದಲ್ಲಿ ಟ್ರೇಲರ್ ರಸಮಟ್ಟಕ್ಕೆ ನಿಲ್ಲುವುದು ಅಪರೂಪ. ಅಡ್ಡಡ್ಡ ಹಾಯಿಸಿದ ಕೊಳವೆಯಲ್ಲಿ ನೀರು ಹಿಂದಿರುಗಿ ಹಾಸಿಗೆಗೆ ತೊಟ್ಟಿಕ್ಕುವುದನ್ನು ಬೇರೆಯವರ ಟ್ರೇಲರಿನಲ್ಲಿ ಕಂಡಿದ್ದೇನೆ.

ಇದರಿಂದ ತಾಮ್ರದ ಕೊಳವೆ ಮಾತ್ರ ಉದ್ದವಾಯಿತು: ಮೂತಿಯಿಂದ ಬಚ್ಚಲವರೆಗೆ, ಏರು ತಿರುವು ಸೇರಿ, 25 ಅಡಿಯ ಒಂದು ಸುರುಳಿ ಪೂರ್ತಿ. ಕಾರ್ಖಾನೆಯಲ್ಲೇ ಎಸಿಗೆ ತುಂಬಿದ್ದ, ತಂಪು ಸಾಗಿಸುವ ಅನಿಲ ಅಷ್ಟಕ್ಕೆ ಸರಿಯಾಗಿ ಸಾಕಾಗುತ್ತಿತ್ತು. ನೆಲಹಲಗೆ ಬದಲಿಸಲೆಂದು ತಳದ ತಗಡು ಮೊದಲೇ ಬಿಚ್ಚಿದ್ದರಿಂದ ಕೊಳವೆಯನ್ನು ಚಾಸಿಯ ಒಳಗೇ ಹಾಯಿಸಿದೆ. ನಡುವೆ ಒಂದೂ ಜೋಡಣೆ ಇಲ್ಲ. ಉಕ್ಕಿನ ತೊಲೆ ದಾಟುವ ತೂತುಗಳಿಗೆಲ್ಲ ರಬ್ಬರ್ ಬಳೆ, ಎರಡೆರಡು ಅಡಿಗೊಂದು ರಬ್ಬರ್ ಸುತ್ತಿದ ಕ್ಲ್ಯಾಂಪ್. ತಾಮ್ರ ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ತಾಗಿ ನಡುವೆ ತೇವ ಸೇರಿದರೆ ಸವೆಯುವುದು ಅಲ್ಯೂಮಿನಿಯಂ. ತಾಮ್ರವೂ ಪದೇ ಪದೇ ಅದುರಿದರೆ ಪೆಡಸಾಗಿ ಬಿರುಕು ಬಿಡುತ್ತದೆ. ಅದಕ್ಕೇ ಹೊರಯೂನಿಟ್ಟಿಗೆ ಸೇರುವ ಮೊದಲು ಕೊಳವೆಯನ್ನು ಒಂದು ಅಗಲ ಸುತ್ತು ಸುತ್ತಿ ಬಿಟ್ಟೆ. ಯೂನಿಟ್ ಅಲುಗಿದಾಗ ಸುತ್ತು ಸ್ಪ್ರಿಂಗಿನಂತೆ ಆಡುತ್ತದೆ, ನಟ್ಟಿನ ಕುತ್ತಿಗೆಗೆ ಜಗ್ಗಾಟ ತಲುಪುವುದಿಲ್ಲ.

ಅನಿಲದ ಕೆಲಸಕ್ಕೆ ನಾನು ಕೈ ಹಾಕಲಿಲ್ಲ. ಅಮೆರಿಕದಲ್ಲಿ ಇದಕ್ಕೆ ಪರಿಸರ ಇಲಾಖೆಯ 608 ಪ್ರಮಾಣಪತ್ರ ಬೇಕು. ಬಂದ ಮೆಕ್ಯಾನಿಕ್ ವಯಸ್ಸಾದವರು, ಮಾತು ಕಡಿಮೆ. ಕೊಳವೆಯ ಅರಳಿಸಿದ ತುದಿಯನ್ನು ಉಗುರಿನ ಹಿಂಬದಿಯಿಂದ ಸವರಿ, ಯಾವುದೋ ಒಂದು ಗೀರು ಅವರಿಗೆ ಮಾತ್ರ ಸಿಕ್ಕಿ, ಕತ್ತರಿಸಿ ಮತ್ತೆ ಅರಳಿಸಿದರು. ಎಣ್ಣೆಯ ಒಂದು ಹನಿ ಸವರಿ ಟಾರ್ಕ್ ವ್ರೆಂಚಿನಿಂದ ಬಿಗಿದರು. ನೈಟ್ರೋಜನ್ ತುಂಬಿ ಸೋಪಿನ ನೀರು ಹಚ್ಚಿ ನೋಡಿದ ಮೇಲೆ ವ್ಯಾಕ್ಯೂಮ್ ಪಂಪು ಹಚ್ಚಿದರು. ಕೊಳವೆಯೊಳಗೆ ಉಳಿದ ಒತ್ತಡ ತೋರಿಸುವ ಗೇಜಿನ ಅಂಕಿ 500 ಮೈಕ್ರಾನಿಗಿಂತ ಕೆಳಗಿಳಿದಾಗ ನನಗೆ ಕೆಲಸ ಮುಗಿದಂತೆ ಕಂಡಿತು. ಅವರು ಪಂಪು ನಿಲ್ಲಿಸಿ, ಮಡಚುವ ಕುರ್ಚಿ ಹಾಕಿಕೊಂಡು ಅಂಕಿಯನ್ನೇ ನೋಡುತ್ತ ಕುಳಿತರು. "ಇಳಿಯುವುದನ್ನು ಎಲ್ಲರೂ ನೋಡುತ್ತಾರೆ. ಏರುತ್ತದೆಯೇ ಎಂದು ನೋಡಬೇಕು" ಎಂದರು. ಏರಲಿಲ್ಲ, ಸೋರಿಕೆ ಇಲ್ಲವೆಂದಾಯಿತು. ನನ್ನದು ಆರ್-410ಎ ಅನಿಲದ್ದು. 2025ರಿಂದ ಇಲ್ಲಿನ ಹೊಸ ಎಸಿಗಳು ಆರ್-32, ಆರ್-454ಬಿ ಕಡೆಗೆ ಹೊರಳಿವೆ. ಅವು ಅಲ್ಪಸ್ವಲ್ಪ ಹೊತ್ತಿಕೊಳ್ಳುವಂಥವು, ಹಾಗಾಗಿ ಎಷ್ಟು ಚಿಕ್ಕ ಕೋಣೆಗೆ ಹಾಕಬಹುದು ಎಂಬುದನ್ನು ಕೈಪಿಡಿಯಲ್ಲಿ ಓದಿಕೊಂಡೇ ಕೊಳ್ಳಬೇಕು.

ವಿದ್ಯುತ್ತಿನ ಕೆಲಸ ಚಿಕ್ಕದು. 120 ವೋಲ್ಟಿನಲ್ಲೇ ಓಡುವ 12,000 ಬಿಟಿಯು ಇನ್ವರ್ಟರ್ ಎಸಿ, ಅಂದರೆ ನಮ್ಮ ಕಡೆಯ ಒಂದು ಟನ್. ಅದಕ್ಕೆಂದೇ 20 ಆಂಪಿಯರ್ ಬ್ರೇಕರ್, ಹೊಸ ತಾಮ್ರದ ತಂತಿ. ಸಿಲಿಂಡರಿನಿಂದ ಸೋರಿದ ಗ್ಯಾಸ್ ನೆಲಮಟ್ಟಕ್ಕೆ ಇಳಿಯುವುದರಿಂದ ಕಿಡಿ ಹಾರಬಹುದಾದ ಸ್ವಿಚ್ ಪೆಟ್ಟಿಗೆಯನ್ನು ಎದುರು ಬದಿಯಲ್ಲಿ ಎತ್ತರಕ್ಕಿಟ್ಟೆ. ಇನ್ವರ್ಟರ್ ಮೆಲ್ಲಗೆ ವೇಗ ಹಿಡಿಯುವುದರಿಂದ ಹಳೆಯದರಂತೆ ಶುರುವಾಗುವಾಗ ದೀಪ ಮಂಕಾಗುವುದಿಲ್ಲ. 2,000 ವ್ಯಾಟಿನ ಚಿಕ್ಕ ಜನರೇಟರ್ ಸಾಕು. ಛಾವಣಿಯಲ್ಲಿ ಉಳಿದ 14 ಅಂಗುಲದ ಚೌಕ ತೂತಿಗೆ ಅದೇ ಅಳತೆಯ ಫ್ಯಾನ್ ಬಂತು, ಅಡುಗೆಯ ಹೊಗೆಗೆ ಅನುಕೂಲವಾಯಿತು.

ನಡುಮಧ್ಯಾಹ್ನದ ಬಿಸಿಲಲ್ಲಿ ಬಿಸಿಯಾಗಿ ನಿಂತ ಟ್ರೇಲರನ್ನು ಇದು ತಣಿಸಲು ತುಸು ಹೊತ್ತು ಹಿಡಿಯುತ್ತದೆ, ನಿಜ. ಗಾಜಿಗೆ ಪರದೆ ಎಳೆದು, ಬೆಳಿಗ್ಗೆಯೇ ಚಾಲೂ ಮಾಡಿಟ್ಟರೆ ಸಂಜೆಯವರೆಗೆ ತಗಾದೆ ಇಲ್ಲ. ಕೆಟ್ಟ ರಸ್ತೆಯ ಪ್ರಯಾಣವಾದ ಮೇಲೆ ಕೊಳವೆಯ ಅರಳಿಸಿದ ತುದಿಯನ್ನು ಬಿಗಿಯುವ ಫ್ಲೇರ್ ನಟ್ಟುಗಳಿಗೆ ಸೋಪಿನ ನೀರು ಹಚ್ಚಿ ನೋಡುತ್ತೇನೆ. ಈವರೆಗೆ ಗುಳ್ಳೆ ಎದ್ದಿಲ್ಲ. ಚಳಿಗಾಲದಲ್ಲಿ ಇದೇ ಯಂತ್ರ ಬಿಸಿಗಾಳಿ ಕೊಡುತ್ತದೆ. ಆಗ ಹೊರಯೂನಿಟ್ಟಿನ ಮಂಜು ಕರಗಿ ನೀರು ಕೊಕ್ಕೆಯ ಜ್ಯಾಕ್ ಮೋಟಾರಿನ ಮೇಲೇ ತೊಟ್ಟಿಕ್ಕುತ್ತದೆ. ಅದಕ್ಕೊಂದು ತಗಡಿನ ತಟ್ಟೆ ಬಗ್ಗಿಸಿ ಕೂರಿಸುವುದು ಬಾಕಿ ಇದೆ.