ಸಿಕಲ್ ಸೆಲ್ ಕಾಯಿಲೆಯಿರುವ ಬಸುರಿಯ ಆರೈಕೆ ಹೇಗೆ?

ಚಾಮರಾಜನಗರ, ಮೈಸೂರು, ಕೊಡಗು ಜಿಲ್ಲೆಗಳ ಪೋಡು, ಹಾಡಿಗಳಲ್ಲಿ ಸೋಲಿಗ, ಜೇನುಕುರುಬ, ಯರವ ಸಮುದಾಯದ ಬಸುರಿಯೊಬ್ಬಳ ಹಿಮೋಗ್ಲೋಬಿನ್ 8 ಎಂದು ಬಂದರೆ, ಅದು ಕಬ್ಬಿಣದ ಕೊರತೆಯೋ ಸಿಕಲ್ ಸೆಲ್ ಕಾಯಿಲೆಯೋ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಬೇಕು. ಎರಡರಲ್ಲೂ ಕಣ್ಣು ಬಿಳಿಚುತ್ತದೆ, ನಾಲ್ಕು ಹೆಜ್ಜೆಗೆ ಏದುಸಿರು ಬರುತ್ತದೆ. ಆದರೆ ಸಿಕಲ್ ಸೆಲ್‌ನಲ್ಲಿ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ, ಬೇಗನೆ ಒಡೆದು, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುವುದರಿಂದ ಆರೈಕೆಯ ದಾರಿಯೇ ಬೇರೆಯಾಗುತ್ತದೆ. ಹಾಡಿಯಲ್ಲಿ ಮಾಡುವ ಸಾಲ್ಯುಬಿಲಿಟಿ ಎಂಬ ಸರಳ ರಕ್ತಪರೀಕ್ಷೆ ಸುಳಿವನ್ನಷ್ಟೇ ಕೊಡುತ್ತದೆ. ಕಾಯಿಲೆಯೋ ಬರೀ ವಾಹಕತನವೋ (ಕಾಯಿಲೆಯಿಲ್ಲದೆ ಅದರ ಒಂದು ವಂಶವಾಹಿಯನ್ನಷ್ಟೇ ಹೊತ್ತಿರುವುದೋ) ಎಂದು ಹೇಳುವುದು ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆ.

ಗಂಡನ ರಕ್ತವನ್ನೂ ಅದೇ ವಾರ ಪರೀಕ್ಷಿಸಬೇಕು. ಆತ ವಾಹಕನಾಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇ. 50, ವಾಹಕನಲ್ಲದಿದ್ದರೆ ಮಕ್ಕಳೆಲ್ಲರೂ ವಾಹಕರಾಗುತ್ತಾರೆಯೇ ಹೊರತು ರೋಗಿಗಳಾಗುವುದಿಲ್ಲ. ಆತನಲ್ಲಿ ಬೀಟಾ ಥಲಸ್ಸೇಮಿಯಾ ಎಂಬ ಇನ್ನೊಂದು ಆನುವಂಶಿಕ ರಕ್ತಕಾಯಿಲೆಯ ಅಂಶವಿದ್ದರೂ ಅಪಾಯವುಂಟು.

ಎಲ್ಲ ಬಸುರಿಯರಿಗೂ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, ಅರ್ಧ ಮಿಲಿಗ್ರಾಂ ಫೋಲಿಕ್ ಆಮ್ಲ ಇರುತ್ತವೆ. ಸಿಕಲ್ ಸೆಲ್ ಇರುವವಳಿಗೆ ಬೇಕಾದ ಫೋಲಿಕ್ ಆಮ್ಲ ದಿನಕ್ಕೆ 5 ಮಿಲಿಗ್ರಾಂ. ಕಬ್ಬಿಣವನ್ನಾದರೋ ಮೈಯಲ್ಲಿನ ಕಬ್ಬಿಣದ ದಾಸ್ತಾನು ತಿಳಿಸುವ ಫೆರಿಟಿನ್ ಪರೀಕ್ಷೆಯಲ್ಲಿ ಕೊರತೆ ಕಂಡರೆ ಮಾತ್ರ ಕೊಡಬೇಕು, ಏಕೆಂದರೆ ಹಲವು ಸಲ ರಕ್ತ ಹಾಕಿಸಿಕೊಂಡವರ ಮೈಯಲ್ಲಿ ಅದು ಈಗಾಗಲೇ ಹೆಚ್ಚಾಗಿರುತ್ತದೆ. ನನ್ನ ಅಭಿಪ್ರಾಯದಲ್ಲಿ ತಾಯಿ ಕಾರ್ಡಿನ ಮೊದಲ ಪುಟದಲ್ಲೇ ‘ಸಿಕಲ್ ಸೆಲ್ ಕಾಯಿಲೆ’ ಎಂದೂ, ಆಕೆಯ ಎಂದಿನ ಹಿಮೋಗ್ಲೋಬಿನ್ ಎಷ್ಟೆಂದೂ ದಪ್ಪಕ್ಷರದಲ್ಲಿ ಬರೆಯಿಸುವುದು ಒಳ್ಳೆಯದು; ಯಾವಾಗಲೂ 8ರಲ್ಲೇ ಇರುವವಳಿಗೆ ಅಂಕಿ ನೋಡಿದ ಮಾತ್ರಕ್ಕೆ ರಕ್ತ ಹಾಕುವ ಅಗತ್ಯವಿಲ್ಲ. ಹಾಕಲೇಬೇಕಾದಾಗ ಗುಂಪಿನ ಜೊತೆಗೆ ರಕ್ತಕಣದ ಮೇಲಿನ ಸಿ, ಇ, ಕೆಲ್ ಎಂಬ ಅಂಶಗಳೂ ಹೊಂದುವ ರಕ್ತ ಬೇಕು.

ಸಿಕಲ್ ಸೆಲ್ ನೋವಿನ ಕಾಟ ತಗ್ಗಿಸುವ ಹೈಡ್ರಾಕ್ಸಿಯೂರಿಯಾ ಮಾತ್ರೆ ನುಂಗುತ್ತಿರುವವರು ಬಸುರಾಗುವ 3 ತಿಂಗಳ ಮೊದಲೇ ವೈದ್ಯರ ಸಲಹೆಯಂತೆ ಅದನ್ನು ನಿಲ್ಲಿಸುವುದು ವಾಡಿಕೆ. ನುಂಗುತ್ತಿರುವಾಗಲೇ ಬಸುರಾದರೆ ಮಾತ್ರೆ ನಿಲ್ಲಿಸಿ ವೈದ್ಯರನ್ನು ಕಂಡು ಸ್ಕ್ಯಾನ್ ಮಾಡಿಸಬೇಕು. ಆ ಒಂದೇ ಕಾರಣಕ್ಕೆ ಗರ್ಭ ತೆಗೆಸಬೇಕಾಗಿಲ್ಲ. ಬಸಿರಿನ ಏರೊತ್ತಡ ತಡೆಯಲು 12ನೇ ವಾರದಿಂದ ಕಡಿಮೆ ಪ್ರಮಾಣದ ಆಸ್ಪಿರಿನ್ ಬರೆದುಕೊಡುತ್ತಾರೆ. ಪ್ರತಿ ಭೇಟಿಯಲ್ಲೂ ಬಿಪಿ, ಮೂತ್ರ ನೋಡಿಸಬೇಕು. ಮಗುವಿನ ಬೆಳವಣಿಗೆ ಕುಂಠಿತವಾಗುವುದುಂಟಾದ್ದರಿಂದ ಆರನೇ ತಿಂಗಳಿಂದ ನಾಲ್ಕು ವಾರಕ್ಕೊಮ್ಮೆ ಸ್ಕ್ಯಾನ್ ಬೇಕು.

ಕೈಕಾಲು, ಸೊಂಟ, ಎದೆಯ ಮೂಳೆಗಳನ್ನು ಹಿಂಡುವಂಥ ನೋವಿಗೆ ನೀರು ಕಡಿಮೆಯಾಗುವುದು, ಚಳಿ, ಸೋಂಕು, ಅತಿಯಾದ ದಣಿವು ಕಾರಣವಾಗುತ್ತವೆ. ವಾಂತಿಯ ದಿನಗಳಲ್ಲಿ ಗುಟುಕು ಗುಟುಕಾಗಿಯಾದರೂ ಗಂಜಿ, ಮಜ್ಜಿಗೆ, ನೀರು ಒಳಗೆ ಹೋಗುತ್ತಿರಬೇಕು. ಅದೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಡ್ರಿಪ್ ಹಾಕಿಸಬೇಕು. ಸಣ್ಣ ನೋವಿಗೆ ಪ್ಯಾರಸಿಟಮಾಲ್, ಶಾಖ ಸಾಕು. ಊರ ಕ್ಲಿನಿಕ್ಕಿನಲ್ಲಿ ಸಲೀಸಾಗಿ ಚುಚ್ಚುವ ಡೈಕ್ಲೊಫೆನಾಕ್ ಸೂಜಿಯನ್ನು ಬಸುರಿ ಎಂದು ಹೇಳದೆ ಹಾಕಿಸಿಕೊಳ್ಳಬಾರದು. ತೀವ್ರ ನೋವಿಗೆ ಆಸ್ಪತ್ರೆಯಲ್ಲಿ ಮಾರ್ಫಿನ್ ಕೊಡುವುದು ಸರಿಯಾದ ಕ್ರಮವೇ.

ಜ್ವರ, ಎದೆನೋವು, ಉಸಿರುಕಟ್ಟುವಿಕೆ, ಬೆರಳಿನ ಯಂತ್ರದಲ್ಲಿ ಆಮ್ಲಜನಕ 95ಕ್ಕಿಂತ ಕಡಿಮೆ, ಒಂದು ಕಾಲು ಮಾತ್ರ ಊದಿಕೊಳ್ಳುವುದು, ಕಣ್ಣು ಮಂಜಾಗುವಂಥ ತಲೆನೋವು: ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಬೇಕು.

ಹೆರಿಗೆ ರಕ್ತನಿಧಿಯಿರುವ ದೊಡ್ಡ ಆಸ್ಪತ್ರೆಯಲ್ಲೇ ಆಗಬೇಕು. ಮಗುವಿನ ಬೆಳವಣಿಗೆ ಸರಿಯಿದ್ದರೆ 38ರಿಂದ 40 ವಾರಗಳ ನಡುವೆ ಹೆರಿಗೆ ಮಾಡಿಸುತ್ತಾರೆ. ಸಿಕಲ್ ಸೆಲ್ ಇದೆಯೆಂಬ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ. ಹೆರಿಗೆಯ ನಂತರ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಿರುವುದರಿಂದ ಹೆಪಾರಿನ್ ಸೂಜಿ ಕೊಡುತ್ತಾರೆ, ಸಿಸೇರಿಯನ್ ಆಗಿದ್ದರೆ 6 ವಾರ. ಬಾಣಂತಿಗೆ ನೀರು ಕೊಡಬಾರದೆಂಬ ಮನೆಯ ಪದ್ಧತಿಯನ್ನು ಇಲ್ಲಿ ಖಂಡಿತ ಪಾಲಿಸಬಾರದು. ಮಗು ಮೊದಲ ಕೆಲವು ತಿಂಗಳು ಆರೋಗ್ಯವಾಗಿಯೇ ಕಾಣುತ್ತದೆ, ಹುಟ್ಟುವಾಗ ಇರುವ ಬೇರೆ ಬಗೆಯ ಹಿಮೋಗ್ಲೋಬಿನ್ ಅದನ್ನು ಕಾಯುತ್ತಿರುತ್ತದೆ. ಆದ್ದರಿಂದ ಮಗು ಚೆನ್ನಾಗಿದೆಯಲ್ಲ ಎಂದು ಬಿಡದೆ ಹಿಮ್ಮಡಿಯ ರಕ್ತಪರೀಕ್ಷೆಯನ್ನು ಆಸ್ಪತ್ರೆಯಿಂದ ಹೊರಡುವ ಮೊದಲೇ ಕೇಳಿ ಮಾಡಿಸಬೇಕು.