ಹಿಮ್ಮಡಿ ಮೇಲಿನ ನೋವಿಗೆ ಮೆಟ್ಟಿಲೇ ಸಾಕು

ಹಿಮ್ಮಡಿಯಿಂದ 2–6 ಸೆಂ.ಮೀ. ಮೇಲೆ ಹಿಂಡಿದರೆ ನೋವು, ಬೆಳಗಿನ ಮೊದಲ ಹೆಜ್ಜೆಗಳಲ್ಲಿ ಬಿಗಿತ: ಇದು ಸಾಮಾನ್ಯವಾಗಿ ಅಕಿಲಿಸ್ ಸ್ನಾಯುರಜ್ಜಿನ (ಮೀನಖಂಡವನ್ನು ಹಿಮ್ಮಡಿ ಮೂಳೆಗೆ ಜೋಡಿಸುವ ಗಟ್ಟಿ ಹುರಿ) ತೊಂದರೆ. ಮಾತಿನಲ್ಲಿ ‘ನರ’ ಅಂದರೂ ಅದು ನರವಲ್ಲ. ವಿಶ್ರಾಂತಿಯಿಂದ ನೋವು ಇಳಿದೀತು, ಬಲ ಬಾರದು, ಭಾರ ಹೊರಿಸಲೇಬೇಕು.

ಸ್ವೀಡನ್ನಿನ ಮೂಳೆವೈದ್ಯ ಆಲ್ಫ್ರೆಡ್‌ಸನ್ 1998ರಲ್ಲಿ ಪ್ರಕಟಿಸಿದ ಕ್ರಮ ಇದು. ಕಂಬಿ ಹಿಡಿದು, ಪಾದದ ಮುಂಭಾಗವನ್ನಷ್ಟೇ ಮೆಟ್ಟಿಲಂಚಿಗೆ ಊರಿ. ಒಳ್ಳೆಯ ಕಾಲಿನ ಬಲದಿಂದ ತುದಿಗಾಲಿಗೆ ಏರಿ, ಭಾರವನ್ನು ನೋವಿನ ಕಾಲಿಗೆ ದಾಟಿಸಿ, ಮೂರು ಎಣಿಸುತ್ತ ಹಿಮ್ಮಡಿಯನ್ನು ಮೆಟ್ಟಿಲಿಗಿಂತ ಕೆಳಕ್ಕಿಳಿಸಿ. ಮೇಲೇರಲು ಮತ್ತೆ ಒಳ್ಳೆಯ ಕಾಲೇ. ಮಂಡಿ ನೇರವಿಟ್ಟು 15ರಂತೆ 3 ಸುತ್ತು, ತುಸು ಬಗ್ಗಿಸಿ ಇನ್ನೂ 3. ದಿನಕ್ಕೆರಡು ಬಾರಿ, 12 ವಾರ. ಮಂಡಿ ಬಗ್ಗಿಸುವ ಸುತ್ತನ್ನೇ ಹಲವರು ಬಿಡುತ್ತಾರೆ. ಮೀನಖಂಡದ ಒಳಪದರದ ಸೋಲಿಯಸ್ ಸ್ನಾಯು ಹೆಚ್ಚು ದುಡಿಯುವುದು ಅಲ್ಲೇ.

ಸಲೀಸಾದ ಮೇಲೆ ಬೆನ್ನಚೀಲಕ್ಕೆ 5 ಕೆ.ಜಿ. ಅಕ್ಕಿ ಹಾಕಿ. ಮಾಡುವಾಗ ತಡೆಯಬಹುದಾದ ನೋವು ಸರಿಯೇ. ಮರುದಿನ ಬೆಳಗ್ಗೆ ಬಿಗಿತ ಹೆಚ್ಚಿದರೆ ಸುತ್ತು ತಗ್ಗಿಸಿ.

ನೋವು ರಜ್ಜು ಹಿಮ್ಮಡಿ ಮೂಳೆಗೆ ಅಂಟಿದ ಜಾಗದಲ್ಲಿದ್ದರೆ ಮೆಟ್ಟಿಲು ಬೇಡ, ಸಮನೆಲದಲ್ಲೇ ಮಾಡಿ: ಕೆಳಗಿಳಿಸಿದಾಗ ರಜ್ಜು ಮೂಳೆಗೆ ಒತ್ತುತ್ತದೆ. ‘ಟಪ್’ ಎಂದು ಸದ್ದಾಗಿ ತುದಿಗಾಲಲ್ಲಿ ನಿಲ್ಲಲಾಗದಿದ್ದರೆ ರಜ್ಜು ಹರಿದಿರಬಹುದು. ಅಂದೇ ಮೂಳೆವೈದ್ಯರಲ್ಲಿಗೆ ಹೋಗಿ.