ಆಂಬುಲೆನ್ಸ್ ಬರುವ ಮೊದಲಿನ ಹದಿನೈದು ನಿಮಿಷ

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಬಾಂಬ್ ಸಿಡಿದರೆ ಮೊದಲ ಹದಿನೈದು ನಿಮಿಷ ಗಾಯಾಳುಗಳ ಜೀವ ಇರುವುದು ಆಟೊದವರು, ಹೂ ಮಾರುವವರು, ಬೇಕರಿ ಹುಡುಗರ ಕೈಯಲ್ಲಿ. ತೊಡೆಯ ದೊಡ್ಡ ರಕ್ತನಾಳ ಹರಿದರೆ ಐದೇ ನಿಮಿಷದಲ್ಲಿ ಜೀವ ಹೋಗಬಹುದು. ಆ ಜನಜಂಗುಳಿಯಲ್ಲಿ 108 ಅಷ್ಟು ಬೇಗ ಬರಲಾರದು. ತುರ್ತು ವಿಭಾಗದಲ್ಲಿ ನರ್ಸ್ ಆಗಿ ದುಡಿದ ನಾನು ತರಬೇತಿಯನ್ನು ಆಟೊ ಸ್ಟ್ಯಾಂಡಿನಿಂದಲೇ ಶುರು ಮಾಡಿದ್ದು ಅದಕ್ಕೇ.

‘ನಮ್ಮೂರಲ್ಲಿ ಯಾರು ಬಾಂಬ್ ಇಡ್ತಾರೆ ಸಿಸ್ಟರ್?’ ಅಂತ ಕೇಳಿದರು. 2021ರ ಜನವರಿ 21ರ ರಾತ್ರಿ ಹತ್ತಿರದ ಹುಣಸೋಡಿನಲ್ಲಿ ಕ್ವಾರಿಯ ಸ್ಫೋಟಕ ಸಿಡಿದದ್ದನ್ನು ನೆನಪಿಸಿದೆ. ಅದು ದಾಳಿಯಲ್ಲ. ಆದರೂ ಭೂಕಂಪವೆಂದು ಊರೆಲ್ಲ ಬೀದಿಗೆ ಬಂದಿತ್ತು. 2022ರ ನವೆಂಬರಿನಲ್ಲಿ ಮಂಗಳೂರಿನಲ್ಲಿ ಕುಕ್ಕರ್ ಬಾಂಬ್ ಸಿಡಿದಾಗ ಗಾಯಗೊಂಡವರಲ್ಲಿ ಆಟೊ ಚಾಲಕರೂ ಒಬ್ಬರು ಎಂದ ಮೇಲೆ ಎಲ್ಲರೂ ಹತ್ತಿರ ಬಂದು ಕೂತರು.

ಹೆಚ್ಚು ಹೊತ್ತು ಕೊಟ್ಟದ್ದು ರಕ್ತ ನಿಲ್ಲಿಸುವುದಕ್ಕೆ. ಎರಡು ಇಂಚು ಅಗಲದ ಬಟ್ಟೆಪಟ್ಟಿಯನ್ನು ಗಾಯಕ್ಕಿಂತ ಮೂರು ಬೆರಳು ಮೇಲೆ, ಕೀಲಿನ ಮೇಲೆ ಬಾರದಂತೆ ಕಟ್ಟಬೇಕು. ಗಂಟಿನೊಳಗೆ ಗಟ್ಟಿ ಕೋಲು ತೂರಿಸಿ ರಕ್ತ ನಿಲ್ಲುವವರೆಗೆ ತಿರುಚಬೇಕು. ಕೋಲಿನ ಬದಲು ಆಟೊದ ಸ್ಪ್ಯಾನರ್ ಸಾಕು. ವೈರು, ಹಗ್ಗ ಬೇಡ, ಅವು ಮಾಂಸವನ್ನೇ ಕೊಯ್ಯುತ್ತವೆ. ಸರಿಯಾಗಿ ಬಿಗಿದರೆ ಗಾಯಾಳು ನೋವಿಗೆ ಕಿರುಚುತ್ತಾರೆ. ಕರುಣೆಯಿಂದ ಸಡಿಲಿಸಬಾರದು, ಬಿಚ್ಚುವುದು ಡಾಕ್ಟರ ಕೆಲಸ. ಕಟ್ಟಿದ ಸಮಯವನ್ನು ಹಣೆಯ ಮೇಲೆ ಪೆನ್ನಿನಲ್ಲಿ ಬರೆಯಬೇಕು. ತೊಡೆಸಂದು, ಕಂಕುಳಲ್ಲಿ ಪಟ್ಟಿ ಕೂರದು. ಅಲ್ಲಿ ಗಾಯದೊಳಕ್ಕೆ ಬಟ್ಟೆ ತುರುಕಿ ಮೈಭಾರ ಹಾಕಿ ಒತ್ತಬೇಕು. ಬಾಳೆದಿಂಡಿನಲ್ಲಿ ತೂತು ಕೊರೆದು ಇದನ್ನು ಮಾಡಿಸಿದೆ. ಮೊದಲು ಮುಖ ತಿರುಗಿಸಿಕೊಂಡಿದ್ದ ಹುಡುಗನೊಬ್ಬ ಕೊನೆಗೆ ಉಳಿದವರಿಗೆ ತಾನೇ ತೋರಿಸಿಕೊಡತೊಡಗಿದ. ಅವನನ್ನು ನೋಡಿ ನನಗೆ ಧೈರ್ಯ ಬಂತು.

‘ದಾರೀಲಿ ಸತ್ತೋದ್ರೆ ಕೇಸ್ ನಮ್ ಮೇಲೆ ಬರಲ್ವಾ ಅಕ್ಕ?’ ಈ ಭಯ ಎಲ್ಲರಲ್ಲೂ ಇತ್ತು. ನಾನು ಹೇಳಿದರೆ ನಂಬರು ಎಂದು ಪೊಲೀಸ್ ಅಧಿಕಾರಿಯೊಬ್ಬರನ್ನೇ ಕರೆಸಿ ಅವರ ಬಾಯಿಂದ ಹೇಳಿಸಿದೆ. ಮೊದಲ ಸ್ಫೋಟಕ್ಕೆ ಸೇರಿದ ಜನರ ಮೇಲೆ ಎರಡನೆಯದು ಸಿಡಿಯಬಹುದು, ಆದ್ದರಿಂದ ಗಾಯಾಳುಗಳನ್ನು ಎತ್ತಿಕೊಂಡು ಬೇಗ ದೂರ ಸರಿಯಿರಿ, ವಾರಸುದಾರರಿಲ್ಲದ ಬ್ಯಾಗ್ ಮುಟ್ಟದೆ 112ಕ್ಕೆ ಹೇಳಿ ಎಂದು ಅವರೇ ಸೇರಿಸಿದರು.

ಆಸ್ಪತ್ರೆಯ ಕಡೆಯ ಸಿದ್ಧತೆ ಇನ್ನೂ ಕಷ್ಟ. 1995ರಲ್ಲಿ ಟೋಕಿಯೊ ಸುರಂಗ ರೈಲಿನಲ್ಲಿ ವಿಷಾನಿಲ ಬಿಟ್ಟಾಗ ಬಹುಪಾಲು ಜನ ಆಂಬುಲೆನ್ಸಿಗೆ ಕಾಯದೆ, ನಡೆದುಕೊಂಡು, ಟ್ಯಾಕ್ಸಿ ಹಿಡಿದು ಆಸ್ಪತ್ರೆ ಸೇರಿದರು. ಮೊದಲು ಬರುವವರು ನಡೆಯಬಲ್ಲವರು. ನಮ್ಮಲ್ಲಾದರೆ ಎಲ್ಲರೂ ಜಿಲ್ಲಾ ಆಸ್ಪತ್ರೆಯಾದ ಮೆಗ್ಗಾನ್ ಕಡೆಗೇ ಓಡುತ್ತಾರೆ. ಒಂದು ಆಸ್ಪತ್ರೆಯ ಅಣಕು ಕಾರ್ಯಾಚರಣೆಯಲ್ಲಿ ತರಚುಗಾಯದವರೇ ಹಾಸಿಗೆ ತುಂಬಿದರು. ಎದೆಗೆ ಪೆಟ್ಟಾದ ‘ರೋಗಿ’ ಸ್ಟ್ರೆಚರಿನಲ್ಲೇ ಉಳಿದರು. ಆಮೇಲೆ ವಿಂಗಡಣೆಯನ್ನು ಗೇಟಿಗೇ ತಂದೆವು. ನಡೆಯುವವರಿಗೆ ಹಸಿರು ಪಟ್ಟಿ, ಅವರು ನೇರ ಹೊರರೋಗಿ ವಿಭಾಗಕ್ಕೆ. ನಿಮಿಷಕ್ಕೆ 30ಕ್ಕಿಂತ ಹೆಚ್ಚು ಉಸಿರಾಡುವವರು, ಉಗುರು ಒತ್ತಿಬಿಟ್ಟರೆ ಎರಡು ಸೆಕೆಂಡಿನಲ್ಲಿ ಕೆಂಪು ಮರಳದವರು, ಹೇಳಿದ ಮಾತು ತಿಳಿಯದವರು ಕೆಂಪು ಪಟ್ಟಿಗೆ, ಅಂದರೆ ಮೊದಲು ಒಳಗೆ. ಉಳಿದವರು ಹಳದಿ. ಉಸಿರುದಾರಿ ತೆರೆದರೂ ಉಸಿರಾಡದವರಿಗೆ ಕಪ್ಪು. ಆ ಕಪ್ಪು ಪಟ್ಟಿ ಕಟ್ಟುವುದನ್ನು ಕಲಿಸುವಾಗ ನನಗೆ ಇವತ್ತಿಗೂ ಸಂಕಟವಾಗುತ್ತದೆ. ಆದರೂ ಬಿಡದೆ ಕಲಿಸುತ್ತೇನೆ. 2008ರಲ್ಲಿ ಮುಂಬೈನ ಕಾಮಾ ಆಸ್ಪತ್ರೆಗೇ ಉಗ್ರರು ನುಗ್ಗಿದ್ದರು. ಹಾಗಾಗಿ ಒಂದೇ ಗೇಟು ತೆರೆದು ಅಲ್ಲಿ ಕಾವಲಿಡುವುದೂ ಅಭ್ಯಾಸದ ಭಾಗ.

ಒಂದು ವಿಷಯದಲ್ಲಿ ನಾನು ಹಟ ಹಿಡಿದೆ. ಗಣಪತಿ ಮೆರವಣಿಗೆಯ ಸ್ವಯಂಸೇವಕರು, ಈದ್ ಮಿಲಾದ್ ಸಮಿತಿಯ ಹುಡುಗರು ಒಂದೇ ಬ್ಯಾಚಿನಲ್ಲಿ ಕಲಿಯಬೇಕು. ಶಿವಮೊಗ್ಗ ಗಲಭೆಯ ನೋವುಂಡ ಊರು. ದಾಳಿ ಮಾಡುವವರಿಗೆ ಬೇಕಾದದ್ದೂ ನಾವು ಪರಸ್ಪರ ಕಚ್ಚಾಡುವುದೇ. ಒಬ್ಬರ ತೋಳಿಗೆ ಇನ್ನೊಬ್ಬರು ಪಟ್ಟಿ ಬಿಗಿದು ಕಲಿತವರು ಫೋನ್ ನಂಬರ್ ಹಂಚಿಕೊಂಡರು. ಗಾಳಿಸುದ್ದಿ ಹಬ್ಬಿದಾಗ ಮೊದಲು ವಿಚಾರಿಸುವುದು ಆ ನಂಬರುಗಳಲ್ಲೇ.

ಆಗುಂಬೆ, ಹೊಸನಗರದ ಕಡೆ ಮಳೆಗಾಲದಲ್ಲಿ ಫೋನೂ ಸಿಗದು, ರಸ್ತೆಯೂ ನೆಚ್ಚಿಕೆಯಲ್ಲ. ಅಲ್ಲಿ ಆಶಾ ಕಾರ್ಯಕರ್ತೆಯರನ್ನೇ ನಂಬಿದ್ದೇನೆ. ಮಂಗನ ಕಾಯಿಲೆಯ ಕಾಲದಲ್ಲಿ ಮನೆಮನೆ ಸುತ್ತಿದವರಿಗೆ ಯಾರ ಮನೆಯಲ್ಲಿ ಜೀಪಿದೆ, ಯಾವ ಕಾಲುಸಂಕ ಗಟ್ಟಿಯಿದೆ ಎಂಬುದು ಬಾಯಿಪಾಠ. ಆ ಪಟ್ಟಿಯನ್ನು ಅವರಿಂದಲೇ ಬರೆಸಿ ಪಂಚಾಯಿತಿ ಗೋಡೆಗೆ ಅಂಟಿಸುತ್ತಿದ್ದೇವೆ. ಪ್ರತಿ ವರ್ಷ ಮಳೆ ಹಿಡಿಯುವ ಮೊದಲು ಅದನ್ನು ತಿದ್ದಬೇಕು.